ಸಂಜೆಯ ಅಳತೆ

ಬೆಳಿಗ್ಗೆ ಕಾಲಿನ ಅಳತೆ ತೆಗೆಯುವುದಿಲ್ಲ ನಾನು.
ಬೆಳಗಿನ ಕಾಲು ಸುಳ್ಳು ಹೇಳುತ್ತದೆ ಮಾರಾಯ್ರೆ,
ರಾತ್ರಿಯಿಡೀ ಮಲಗಿ ಎದ್ದು ಬಂದದ್ದು,
ಸಾಲ ತೀರಿಸಿ ಬಂದವನ ಹಾಗೆ ಹಗುರ.
ಸಂಜೆ ಐದರ ಮೇಲೆ ಬನ್ನಿ,
ಕಂಕನಾಡಿ ಮಾರ್ಕೆಟಿನ ಈಚೆ, ಕೊಡೆ ರಿಪೇರಿಯವನ ಪಕ್ಕ.
ಗೋಣಿ ಹಾಸಿದ್ದೇನೆ, ಮೇಲೆ ಹಳೇ ಪೇಪರು.
ಕಾಲಿಡಿ. ಭಾರ ಪೂರ್ತಿ ಬಿಡಿ.
ಪೆನ್ಸಿಲು ಸುತ್ತ ಬರುವಾಗ ಕಚಗುಳಿಯಾದರೆ
ನಗಬಹುದು, ಅಲುಗಾಡಲಿಕ್ಕಿಲ್ಲ.

ಮೂವತ್ತೊಂದು ವರ್ಷ. ಈ ಊರಿನ ಮುಖ ನೋಡಿದ್ದು ಕಡಿಮೆ.
ಸಿಟಿ ಬಸ್ಸಿನ ಕಂಡಕ್ಟರ್ ಸಾಕ್ಸ್ ಕಳಚಿದರೂ
ಅದರ ಗೆರೆ ಕಣಕಾಲಲ್ಲಿ ಹಾಗೇ ಉಳಿದಿರುತ್ತದೆ.
ಸೀರೆ ಅಂಗಡಿಯ ಹುಡುಗಿಯರಿಗೆ ಸ್ಟೂಲು ಉಂಟು,
ಕೂರುವ ಹಾಗಿಲ್ಲ, ಅದು ಗಿರಾಕಿಗೆ.
ಏಳು ತಿಂಗಳ ಬಸುರಿ ಗಂಡನ ಚಪ್ಪಲಿಯಲ್ಲಿ ಬರುತ್ತಾಳೆ.
ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಬಿಡುತ್ತೇನೆ:
ಕಲಸಿಟ್ಟ ಹಿಟ್ಟಿನಲ್ಲಿ ಬಿದ್ದಂತೆ ಗುಂಡಿ,
ಮೆಲ್ಲ ತುಂಬುತ್ತದೆ.
ತುಂಬುವ ತನಕ ಇಬ್ಬರೂ ಮಾತಾಡುವುದಿಲ್ಲ.

ಒತ್ತಿ ನೋಡಲು ಕಲಿತದ್ದು ತಡವಾಗಿ.
ಬಂದರಿನ ಗೋಡೌನಿನ ವಾಚ್‌ಮನ್ ಇದಿನಬ್ಬ,
ಎರಡೂ ಪಾದ ಬಾತು ಪಟ್ಟಿ ಕಚ್ಚುತ್ತದೆ ಎಂದರು.
ಒಂದು ತೂತು ಸಡಿಲ ಮಾಡಿಕೊಟ್ಟೆ.
ತಿಂಗಳು ಕಳೆದು ಮತ್ತೆ ಬಂದರು,
ಮಲಗಿದರೆ ಉಸಿರು ಕಟ್ಟುತ್ತದೆ, ಕುರ್ಚಿಯಲ್ಲೇ ನಿದ್ದೆ,
ಎಂದು ನಕ್ಕರು.
ವಾಚ್‌ಮನ್ ಕೆಲಸಕ್ಕೆ ಒಳ್ಳೆಯದೇ ಆಯಿತಲ್ಲ,
ಎಂದು ನಾನೂ ನಕ್ಕೆ.
ಇನ್ನೊಂದು ತೂತು. ಐದು ರೂಪಾಯಿ.
ಮೂರನೇ ತೂತಿಗೆ ಅವರು ಬರಲಿಲ್ಲ.
ಹೃದಯ ಎಂದರು ಯಾರೋ.
ಹೃದಯದ ಸುದ್ದಿ ಮೊದಲು ಪಾದಕ್ಕೆ ಬಂದಿತ್ತು,
ಅಲ್ಲಿಂದ ನನ್ನ ಕೈಗೇ ಬಂದಿತ್ತು.
ಓದಲು ಬಾರದವನು ಟಪಾಲಿಗೆ ಹೆಬ್ಬೆಟ್ಟು ಒತ್ತಿದ ಹಾಗೆ
ಒತ್ತಿ, ತೆಗೆದಿಟ್ಟಿದ್ದೆ.

ಈಗ ಕೇಳುತ್ತೇನೆ. ಚಪ್ಪಲಿ ಹೊಲಿಯುವವನಿಗೆ
ಎಂತಕ್ಕೆ ಇದೆಲ್ಲ ಅನ್ನುತ್ತಾರೆ. ಅನ್ನಲಿ.
ಎರಡೂ ಕಾಲಾ, ಒಂದೇ ಕಾಲಾ?
ರಾತ್ರಿ ತಲೆಗೆ ಎಷ್ಟು ದಿಂಬು?
ಏರು ಹತ್ತುವಾಗ ಎಲ್ಲಿ ನಿಲ್ಲುತ್ತೀರಿ?
ಒಂದೇ ಕಾಲು, ನಿನ್ನೆ ಇರಲಿಲ್ಲ, ಮೀನಖಂಡ ಬಿಸಿ, ನೋವು
ಎಂದವರೊಬ್ಬರ ಅಳತೆ ತೆಗೆಯಲಿಲ್ಲ,
ರಿಕ್ಷಾ ನಿಲ್ಲಿಸಿದೆ.

ಸೆವ್ರಿನ್ ಬಾಯಿಯದ್ದು ಬೇರೆ.
ಎಡಗಾಲು. ಯಾವ ಕಾಲದ್ದೋ ಸೊಳ್ಳೆ.
ಚಳಿಜ್ವರ ಬಂದು ಹೋದಾಗೆಲ್ಲ
ಸ್ವಲ್ಪ ಊತ ಬಿಟ್ಟುಹೋಗಿ
ಮೊಣಕಾಲಿನ ತನಕ ಈಗ ಒಂದೇ ದಪ್ಪ.
ಇಗರ್ಜಿಯಲ್ಲಿ ಕೊನೇ ಬೆಂಚು,
ಸೀರೆ ನೆಲ ಗುಡಿಸುವಷ್ಟು ಕೆಳಗೆ.
"ಅಳತೆ ಬೇಡ, ದೊಡ್ಡದು ಮಾಡು" ಎಂದರು.
ದೊಡ್ಡದು ಅಂದರೆ ಎಷ್ಟು ಬಾಯಿ?
ಕೊಡೆಯವನು ಏನೂ ಹೇಳದೆ
ರಿಪೇರಿಗೆ ಬಂದ ಕೊಡೆಯೊಂದನ್ನು ಬಿಡಿಸಿ ರಸ್ತೆಗೆ ಅಡ್ಡ ಹಿಡಿದ.
ಆಮೇಲೆ ಕಾಲಿಟ್ಟರು.

ಎರಡು ಬೇರೆ ಅಳತೆಯ ಒಂದು ಜೊತೆ ಮಾಡಿದೆ,
ಎಡಕ್ಕೆ ಮೆತ್ತನೆ ಅಟ್ಟೆ, ಉಜ್ಜದ ಅಗಲ ಪಟ್ಟಿ, ಬಕಲು.
ವೆನ್ಲಾಕಿನ ನರ್ಸು ಹೇಳಿದ್ದನ್ನು ಜಪಮಾಲೆಯ ಹಾಗೆ
ಅವರೇ ನನಗೆ ಒಪ್ಪಿಸಿದರು:
ದಿನಾ ಸಾಬೂನು, ತಣ್ಣೀರು,
ಬೆರಳ ಸಂದಿಯಲ್ಲಿ ಹತ್ತಿ ಬಟ್ಟೆ, ಒತ್ತಿ ಒರೆಸುವುದು, ತಿಕ್ಕುವುದಲ್ಲ,
ಬಿರುಕಿಗೆ ಮುಲಾಮು,
ಕೂತಲ್ಲೇ ಪಾದ ಮೇಲೆ ಕೆಳಗೆ, ಹೊಲಿಗೆ ಮೆಷಿನ್ ತುಳಿದ ಹಾಗೆ,
ರಾತ್ರಿ ಮಂಚದ ಕಾಲಕಡೆಗೆ ಎರಡು ಮುರಕಲ್ಲು.
"ಹೋಗುವುದಿಲ್ಲವಂತೆ" ಎಂದರು, "ಹೆಚ್ಚಾಗದ ಹಾಗೆ ನೋಡಿಕೊಳ್ಳಬೇಕಂತೆ."
ಮನೆಯ ನಾಯಿಯ ಬಗ್ಗೆ ಹೇಳಿದ ಹಾಗೆ ಹೇಳಿದರು.

ಮಳೆಗಾಲ ಕಳೆಯಿತು. ಕ್ರಿಸ್ಮಸ್ ಮುಗಿದ ಮೇಲೊಂದು ಸಂಜೆ
ಹಳೇ ಪೇಪರೇ ಹುಡುಕಿ ತೆಗೆದು ಹಾಸಿದೆ,
ಗೆರೆಯ ಮೇಲೆ ಕಾಲಿಟ್ಟರು.
ಹೊಸ ಗೆರೆ ಹಳೆಯದರ ಒಳಗೆ ಬಿತ್ತು,
ಎರಡು ನೂಲು. ಹೆಚ್ಚಿಲ್ಲ.
ನಾನು ಮತ್ತೊಮ್ಮೆ ಸುತ್ತಿ ನೋಡಿದೆ.
ಬಕಲಿನ ಪಟ್ಟಿಗೆ ಒಂದು ತೂತು ಹಾಕಿದೆ,
ಈ ಸಲ ಒಳಬದಿಗೆ.
ಹತ್ತು ರೂಪಾಯಿ ಎಂದೆ.
ಚಿಕ್ಕದು ಮಾಡಲಿಕ್ಕೂ ಅಷ್ಟೇಯಾ ಎಂದು
ಸೆವ್ರಿನ್ ಬಾಯಿ ಸೀರೆ ಎತ್ತಿ ಹಿಡಿದು, ನಿಂತು, ಜಗಳ ತೆಗೆದರು,
ಇಡೀ ಮಾರ್ಕೆಟಿಗೆ ಕೇಳುವ ಹಾಗೆ.