ಆದಪ್ಪ ಕಾಕಾ ಲಗೋರಿ ಕಟ್ಟಿದ್ದು

ಕಲ್ಲಿಗೇನು ಬರ, ಹಟ್ಟಿ ಕ್ಯಾಂಪಿನಲ್ಲಿ?
ಚಿನ್ನವಿಲ್ಲವೆಂದು ಎಸೆದ ಕಲ್ಲಿನ
ಗುಡ್ಡವೇ ಬಿದ್ದಿತ್ತು ಬೇಲಿಯಾಚೆ.
ಆದರೆ ಲಗೋರಿಗೆ ಬರುವ ಕಲ್ಲು ಬೇರೆ:
ಚಪ್ಪಟೆ ಇರಬೇಕು, ಅಂಚು ಕೈ ಕೊಯ್ಯಬಾರದು,
ಕೂತರೆ ಲಿಂಗಸುಗೂರು ಬಸ್ಸಿನಲ್ಲಿ
ಸೀಟು ಸಿಕ್ಕವರ ಹಾಗೆ
ಜಪ್ಪಯ್ಯ ಅಂದರೂ ಅಲುಗಬಾರದು.

ಅಂಥ ಏಳು ಕಲ್ಲು ಆರಿಸಲು
ಖಾಜಾಬಿಯ ಮಗ ಲಾಡ್ಲೆ
ಎರಡು ಭಾನುವಾರ ಕಳೆದಿದ್ದ.
ಏಳನೆಯದು ಸಣ್ಣದು, ಅಂಗಿಯ ಗುಂಡಿಗಿಂತ ತುಸು ದೊಡ್ಡದು.
ಅದನ್ನು ಚಡ್ಡಿ ಜೇಬಿನಲ್ಲಿ
ಶಾಲೆಗೂ ಒಯ್ಯುತ್ತಿದ್ದ,
ಕದ್ದಾರು ಎಂದು.

ಚೆಂಡು ನಮ್ಮ ಮನೆಯದು.
ಅವ್ವನ ಹಳೆ ಕುಪ್ಪಸ ಉಂಡೆ ಕಟ್ಟಿ
ಸೈಕಲ್ ಟ್ಯೂಬಿನ ಪಟ್ಟಿ ಬಿಗಿದದ್ದು.
ಬೆನ್ನಿಗೆ ಬಿದ್ದರೆ
ಮೂರು ದಿನ ಮಾತಾಡುತ್ತಿತ್ತು.

ಆವತ್ತು ನಮ್ಮ ಕಡೆ ಏಳು ಮಂದಿ.
ಗದ್ದೆಮ್ಮಜ್ಜಿ ಕಚ್ಚೆ ಹಾಕಿ ನಿಂತಿದ್ದಳು,
ವಯಸ್ಸು ಅರವತ್ತೆರಡು, ಜಗಳಕ್ಕೆ ಹದಿನಾರು.
ಯಶೋದಾಬಾಯಿ ಟೀಚರು
ಚಪ್ಪಲಿ ಬಿಟ್ಟು ಬಂದಿದ್ದರು.
ಲಾಡ್ಲೆಯ ಕಡೆ ಆರೇ.

ಮೊದಲ ಪಾಳಿಯ ಭೋಂಗಾ ಕೂಗಿ ತಾಸಾಗಿತ್ತು.
ನಳದ ಕಟ್ಟೆಯ ಮೇಲೆ ಆದಪ್ಪ ಕಾಕಾ
ಬೂಟಿನ ಲಾಡಿ ಬಿಚ್ಚುತ್ತಿದ್ದ.
ಕೆಳಗೆ, ನಾವು ಯಾರೂ ಕಾಣದ ಕಡೆ,
ಮರದ ದಿಮ್ಮಿ ಆನಿಸಿ
ನೆಲ ನೆಲದ ಮೇಲೆ ಬೀಳದಂತೆ ಹಿಡಿಯುವುದು ಅವನ ಕೆಲಸ.
"ಕಾಕಾ, ಒಬ್ಬರು ಕಮ್ಮಿ ಬಿದ್ದಾರ, ಬರ್ತೀರೇನ್ರಿ?"
ಏನೂ ಅನ್ನಲಿಲ್ಲ.
ಲಾಡಿ ಮತ್ತೆ ಕಟ್ಟಿದ.

ಅಯ್ಯೋ, ಅವನ ಆಟವೇ!
ಲಾಡ್ಲೆಯ ಏಟಿಗೆ ಕಲ್ಲು ಚದುರಿ
ಹುಡುಗರೆಲ್ಲ ದಿಕ್ಕಾಪಾಲು ಓಡಿದರೆ
ಇವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು
ಒಂದು ಕಲ್ಲೆತ್ತಿ, ಮಣ್ಣು ಊದಿ,
ಮಗುಚಿ ನೋಡಿ, ಇಟ್ಟು,
ಹೆಬ್ಬೆರಳಿನಿಂದ ಒತ್ತಿ,
ತಲೆ ಓರೆ ಮಾಡಿ ಅಡಿಯಲ್ಲಿ ಇಣುಕಿ...
ಧಪ್! ಔಟು.
ಮತ್ತೊಂದಾಟ. ಮೂರನೇ ಕಲ್ಲಿಗೆ ಔಟು.
"ಕಾಕಾ, ಇದು ಗಣಿ ಅಲ್ಲರೀ, ಬಿದ್ರ ಬೀಳ್ಲಿ!"
ಲಾಡ್ಲೆಗೆ ಅಳುವೊಂದೇ ಬಾಕಿ.
"ಬೀಳಬಾರ್ದಪಾ" ಅಂದ, ಮೆಲ್ಲಗೆ.

ಕೊನೆಯಾಟಕ್ಕೆ ಹೊತ್ತು ಮುಳುಗಿತ್ತು.
ಕಂಬದ ಲೈಟು ಹತ್ತಲಿಲ್ಲ, ಕರೆಂಟು ಹೋಗಿತ್ತು.
ಹೊಸ್ತಿಲಲ್ಲಿ ನಿಂತ ಅವ್ವಂದಿರು
ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದರು.
ಅವರ ಕಡೆ ಆರೂ ಜನ ಔಟಾಗಿ
ಉಳಿದವನು ಕಾಕಾ ಒಬ್ಬನೇ.
ಎಲ್ಲಿದ್ದಾನೆ? ಧೂಳಿಗೂ ಕತ್ತಲಿಗೂ ಗುರುತು ಸಿಗದ ಹೊತ್ತು.
ಚೆಂಡು ನನ್ನ ಕೈಯಲ್ಲಿತ್ತು.

ಟಕ್.

ಅಂಗೈ ನೆಲದ ಮೇಲೆ ಸರಿಯುತ್ತಿತ್ತೇನೋ,
ಮೊರದಲ್ಲಿ ಜೋಳ ಹಸನು ಮಾಡುವವರ ಹಾಗೆ.
ನಾನು ಕಂಡಿಲ್ಲ.
ನಮಗೆ ಕತ್ತಲಾಗಿತ್ತು,
ಅವನಿಗೆ ಡ್ಯೂಟಿ ಶುರುವಾಗಿತ್ತು.

ಟಕ್. ಟಕ್.
ನಾಲ್ಕನೆಯದು ಇಡುವಾಗ ಅವನ ಉಸಿರೂ ಕೇಳಿಸಿತು.
ಐದನೆಯದಕ್ಕೆ, ಸದ್ದು ಬಂದ ಕಡೆ
ಜೀವ ಬಿಟ್ಟು ಎಸೆದೆ.
"ಯವ್ವಾ, ನನ್ನ ಸೊಂಟ!"
ಗದ್ದೆಮ್ಮಜ್ಜಿ. ನಮ್ಮವಳೇ.
ಅವಳ ಬೈಗುಳದಲ್ಲಿ ಆರನೇ ಕಲ್ಲು ಮುಚ್ಚಿಹೋಯಿತು.
ಏಳನೆಯದು ಸಣ್ಣದಲ್ಲ, ಸದ್ದೇ ಮಾಡಲಿಲ್ಲ.

ಆಮೇಲೆ, ಪಗಾರದ ದಿನವೂ
ದನಿ ಎತ್ತದ ಆ ಮನುಷ್ಯ
"ಲಗೋsರಿ!" ಎಂದು ಒದರಿದ್ದಕ್ಕೆ
ಬಸ್‌ಸ್ಟ್ಯಾಂಡಿನ ನಾಯಿಗಳೂ ಬೊಗಳಿದವು.

"ಕತ್ತಲಾಗ ಕಟ್ಟಿದ್ದು ಲೆಕ್ಕಕ್ಕಿಲ್ಲ."
"ರೂಲು ಎಲ್ಲೈತಿ, ತೋರ್ಸು!"
ಟೀಚರು ಬ್ಯಾಟರಿ ತಂದು ಬಿಟ್ಟರು.
ಏಳೂ ನಿಂತಿದ್ದವು, ನೆಟ್ಟಗೆ.
ಕಾಕಾ ಮಾತ್ರ ಬಗ್ಗಿ
ಮತ್ತೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿದ.

ಕೆಡವಲು ಯಾರಿಗೂ ಕಾಲು ಬರಲಿಲ್ಲ.
ಮರುದಿನ ಶಾಲೆಗೆ ಹೋಗುವಾಗ
ಪಕ್ಕದಲ್ಲೊಂದು ಆಡು ಮಲಗಿತ್ತು,
ಕಲ್ಲು ಇನ್ನೂ ಹಾಗೇ ಇದ್ದವು.

ಇವತ್ತಿಗೂ ನಾನು ಹೇಳುವುದು ಒಂದೇ:
ಅದು ಲೆಕ್ಕಕ್ಕಿಲ್ಲ.
ಅಜ್ಜಿಗೆ ಬೀಳುವ ಮುಂಚೆ ಚೆಂಡು
ಕಾಕಾನ ಅಂಗಿ ಸವರಿಯೇ ಹೋಗಿತ್ತು.
ಲಾಡ್ಲೆಯನ್ನು ಕೇಳಬೇಡಿ,
ಅವನು ಆ ಕಡೆಯವನು.