ಮಾವಳ್ಳಿಯಲ್ಲಿ ಸಂದರ್ಶನ

ಮೂವತ್ತೆರಡು ಪ್ರಶ್ನೆ ಬರೆದುಕೊಂಡು ಹೋಗಿದ್ದೆ.
ಕನಕವಲ್ಲಿಯವರು ನನ್ನ ಮುಂದೆ
ರಾತ್ರಿ ನೆನೆಸಿಟ್ಟ ಅವರೆಕಾಳಿನ ಬೇಸಿನ್ನು ತಳ್ಳಿ
'ಹಿತಕ್ತಾ ಕೇಳಿ' ಅಂದರು.

ಪಾತ್ರಗಳು ಎಲ್ಲಿಂದ ಬರುತ್ತವೆ, ಮೇಡಂ?
'ಮೊನ್ನೆ ಮಿನರ್ವ ಸರ್ಕಲ್ಲಿನಲ್ಲಿ ಒಬ್ಬಾಕೆ
ಬಸ್ಸಿಗೆ ಕೈ ಅಡ್ಡ ಹಿಡಿದು, ನಿಂತ ಮೇಲೆ ಹತ್ತಲೇ ಇಲ್ಲ.
ಅವತ್ತಿಂದ ನನಗೆ ನಿದ್ದೆಯಿಲ್ಲ.'

ಯಾಕೆ ಹತ್ತಲಿಲ್ಲ?
'ಗೊತ್ತಾದರೆ ಬರೆಯೋದ್ಯಾಕೆ?
ಉಗುರು ತಾಗಿಸಬೇಡಿ, ಬೇಳೆ ಒಡೆಯುತ್ತೆ.
ಬೆರಳ ತುದೀಲಿ ಒತ್ತಿ, ಅದೇ ಜಾರುತ್ತೆ.'

ಉಳಿದ ಪ್ರಶ್ನೆ ಚೀಟಿಯಲ್ಲೇ ಇದ್ದವು.
ಸಿಪ್ಪೆ ಅದರ ಮೇಲೆ ಗುಡ್ಡೆಯಾಯಿತು.

ಮನೆಗೆ ಬಂದು ರೆಕಾರ್ಡರ್ ಹಾಕಿದರೆ
ಪಾತ್ರೆಗೆ ಬೇಳೆ ಬೀಳುವ ಸದ್ದು, ನಡುವೆ ಕುಕ್ಕರು,
ಒಮ್ಮೆ ಅವರ ನಗು.

ಗಂಟೆ ಎರಡಾಯಿತು.
ಆ ಹೆಂಗಸಿನ ಇನ್ನೊಂದು ಕೈಯಲ್ಲಿ ಏನಿತ್ತು,
ಅದನ್ನೇ ಕೇಳಲಿಲ್ಲ.