ಹಸಿ ಬ್ಯಾರೆ, ಒಣ ಬ್ಯಾರೆ

ಜನನ-ಮರಣದ ಕೌಂಟರಿನ್ಯಾಗ ಕೂತವಳನ್ನ
ಎಬ್ಬಿಸಿ ಕರಕೊಂಡು ಹೋದ್ರು ಯಲಿಗಾರ ಸಾಹೇಬ್ರು:
"ದನಿ ಖಡಕ್ ಐತ್ರಿ ನಿಮ್ದು.
ಸತ್ತವರ ಹೆಸರು ಕೂಗಿದ್ರ
ಕಡೀ ಬೆಂಚಿನವರೂ ಎದ್ದು ಬರ್ತಾರ."

ರೆಕಾರ್ಡ್ ರೂಮಿನ್ಯಾಗ ಫ್ಯಾನ್ ಬಂದ್ ಮಾಡಿ,
ಮೇ ತಿಂಗಳ ಮಧ್ಯಾಹ್ನ, ಕಡತದ ಧೂಳಿನ ನಡುವ,
ಮೊಬೈಲಿನ ಮುಂದ ನಿಂತೆ.
ಮೊದಲ ಸಲ ವಾರ್ತೆ ಓದಿದಂಗ ಆತು.
ಎರಡನೇ ಸಲ ಸಾಲಿಯಾಗ ಮಗ್ಗಿ ಹೇಳಿಸಿದಂಗ.
ಟಿಪ್ಪರಿನ ಮಾಬುಸಾಬ ಬಾಗಲಕ್ಕ ಆತು ನಿಂತು ಅಂದ:
"ಅಕ್ಕಾರ, ನಿಮ್ಮವ್ವಗ ಹೇಳಿದಂಗ ಹೇಳ್ರಿ."

ಹಂಗ ಹೇಳಿದೆ.
ಹಸಿ ಕಸ ಬ್ಯಾರೆ ಇಡ್ರಿ, ಒಣ ಕಸ ಬ್ಯಾರೆ ಇಡ್ರಿ.
ನಡುವ ಯಾರೋ ಚಹಾದ ಗ್ಲಾಸು ಕೆಳಗಿಟ್ಟ ಸಪ್ಪಳ
ಅದರಾಗ ಹಂಗ ಉಳಕೊಂಡಿತು.
ಈಗ ನವನಗರದ ಸೆಕ್ಟರ್ ಸೆಕ್ಟರಿಗೂ
ಮುಂಜಾನಿ ಆರೂವರಿಗೆ
ಆ ಗ್ಲಾಸು ಟಣ್ ಅಂತೈತಿ.

ಗಾಡಿ ನಮ್ಮ ಓಣಿ ಹೊಕ್ಕಾಗ
ನಾ ಇನ್ನೂ ಹಲ್ಲುಜ್ಜತಿರ್ತೀನಿ, ಬಾಯ್ತುಂಬ ನೊರಿ.
ಹೊರಗೂ ನಾನ ಒದರತಿರ್ತೀನಿ.
ಅವ್ವ ಗೇಟಿಗೆ ನಿಂತು ಆ ದನಿಗೆ ಉತ್ತರಾ ಕೊಡ್ತಾಳ:
"ಸಾಕು ಸುಮ್ಮನಿರು, ಗೊತ್ತೈತಿ."
ಗೊತ್ತಿದ್ದೂ ಒಂದ ಪುಟ್ಟ್ಯಾಗ ಸುರುವತಾಳ
ಬದನಿಕಾಯಿ ತೊಟ್ಟು, ಶಾಂಪೂ ಚೀಟಿ,
ನಿನ್ನಿ ಸಾರು, ಒಡದ ಬಲ್ಬು.
ನಗರಸಭೆ ಕೊಟ್ಟ ಹಸಿರು ಬಕೀಟಿನ್ಯಾಗ ಶೇಂಗಾ ತುಂಬಿಟ್ಟಾಳ.
ನೀಲೀದರಾಗ ಹುಣಸಿಹಣ್ಣು.

ಯಾಕಬೇ ಹಿಂಗ, ಅಂತ ಒಮ್ಮೆ ಕೇಳಿದೆ.
"ಹಳೇ ಊರಾಗ ಕಸ ಅಂತ ಒಂದಿತ್ತೇನ?
ಬೂದಿ ಬೋಗಾಣಿಗೆ, ಸಿಪ್ಪಿ ಆಡಿಗೆ,
ಹರಕು ಸೀರಿ ಕೌದಿಗೆ,
ಕೌದಿ ಹರದ್ರ ಒಲಿ ಮುಂದಿನ ಮಸಿ ಅರಬಿ."
ಸೆರಗಿಲೆ ಮುಖಾ ಒರಸಿಕೊಂಡು ಮತ್ತ ಅಂದ್ಲು:
"ಬ್ಯಾರೆ ಮಾಡೂದು ನಮಗ ಕಲಸಬ್ಯಾಡ.
ಹಿನ್ನೀರು ಬಂದಾಗ ಸರಕಾರ ಮಾಡಿ ತೋರಿಸೇತಿ.
ಊರು ಹಸಿ, ಅದನ್ನ ನೀರಿಗೆ ಹಾಕಿದ್ರು.
ನಾವು ಒಣ,
ತಂದು ಗುಡ್ಡದ ಮ್ಯಾಲ ನಂಬರ್ ಹಚ್ಚಿ ಇಟ್ರು."

ಅವತ್ತು ಆಫೀಸಿನ್ಯಾಗ ರಜಿಸ್ಟರ್ ತಗದು ಕೂತೆ.
ಇದನ್ನ ಜನನದಾಗ ಬರಕೊಳ್ಳಲೋ
ಮರಣದಾಗ ಬರಕೊಳ್ಳಲೋ ತಿಳೀಲಿಲ್ಲ.

ಶ್ರಾವಣದಾಗ ಮಾಬುಸಾಬ ಗಾಡಿ ನಿಲ್ಲಿಸಿ
ಸಣ್ಣ ಚೀಲೊಂದು ಇಳಿಸಿದ,
ಘಟಕದಾಗ ಮಾಡಿದ ಗೊಬ್ಬರ.
"ತಗೋರಿ ಅವ್ವಾರ, ನಿಮ್ಮ ಬದನಿ ತೊಟ್ಟು ತಿರುಗಿ ಬಂದಾವು."
"ಶಾಂಪೂ ಚೀಟಿ?" ಅಂದ್ಲು ಅವ್ವ.
"ಅವನ್ನ ನಾ ಕೈಲೆ ಆರಿಸಿ ತಗದೇನ್ರಿ,
ಬಲ್ಬಿನ ಚೂರೂ."
ಬಲಗೈಯಾಗಿನ ಗಾಯದ ಗೆರಿ ತೋರಿಸಲಿಲ್ಲ ಅಂವ,
ಚೀಲದ ಬಾಯಿ ಬಿಚ್ಚೂವಾಗ ಅದ ಕಾಣಿಸಿತು.

ಅವ್ವ ಒಂದು ಹಿಡಿ ತಗೊಂಡು ಬಳ್ಳಾಗ ತಿಕ್ಕಿದ್ಲು,
ಮೂಗಿಗೆ ಹಿಡದು ಬಾಳ ಹೊತ್ತು ನಿಂತ್ಲು.
ಹೊಳಿದಂಡಿ ಎರಿ ನೆಪ್ಪಾತೋ ಏನೋ,
ಕೇಳೂ ಧೈರ್ಯ ನನಗಾಗಲಿಲ್ಲ.
ಮರುದಿನ ಶೇಂಗಾ ಡಬ್ಬಿಗೆ ಹೋದವು.
ಹುಣಸಿಹಣ್ಣು ಭರಣಿಗೆ.

ಇವತ್ತು ಏಳಾತು, ಏಳೂವರಿ ಆತು.
ಗ್ಲಾಸು ಟಣ್ ಅನಲಿಲ್ಲ.
ಓಣಿ ತುಂಬ ಬಕೀಟು ಹಿಡದ ಹೆಂಗಸರು
ಒಬ್ಬರ ಮುಖಾ ಒಬ್ಬರು ನೋಡಾಕತ್ತಾರ.
ಅವ್ವ ಗೇಟಿನ್ಯಾಗ, ಈ ಕಡೆ ಹಸಿರು, ಆ ಕಡೆ ನೀಲಿ,
ನಡುವ ಒಂದು ಗೇಣು ಜಾಗ ಬಿಟ್ಟು.
"ನಿನ್ನ ದನಿ ಯಾಕ ಇನ್ನೂ ಬರವಲ್ದು?"
ಅಂತ ಬೆನ್ನ ಹಿಂದ ನಿಂತ ನನ್ನನ್ನ ಕೇಳಿದ್ಲು.

ನೊರಿ ಉಗುಳಿ ಹೇಳಿದೆ:
"ಗಾಡಿ ಎಲ್ಲಾ ನಗರಸಭೆ ಮುಂದ ನಿಂತಾವಬೇ.
ಮೂರು ತಿಂಗಳಾತು, ಪಗಾರ ಆಗಿಲ್ಲ."
"ನಿಂದು?"
"ನಂದ ಆಗೇತಿ. ಮಾಬುಸಾಬಂದು ಆಗಿಲ್ಲ."

"ಹಂಗಾರ ಇವತ್ತು ಅದನ್ನ ಒದರು," ಅಂದ್ಲು.
"ಖಡಕ್ ದನಿ ಐತೆಲ್ಲ."

ಬ್ರಶ್ಶು ಮತ್ತ ಬಾಯಾಗ ಇಟಗೊಂಡೆ.